ನಿಲ್ಲುವವರ ಕೋಟು

ಬೀದಿಯ ಕೊನೆಯಲ್ಲಿರುವ ಮರದ ಮಿಲ್ಲಿನ ಗರಗಸ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ದನಿ ತೆಗೆಯುತ್ತದೆ. ಮೊದಲು ಗುಂಯ್ ಎಂದು ಸುಮ್ಮನೆ ತಿರುಗುವ ಸದ್ದು; ಮರ ತಾಗಿದೊಡನೆ ಅದು ಕೀರಲಾಗುತ್ತದೆ. ಗಟ್ಟಿ ಮರಕ್ಕೆ ಒಂದು ದನಿ, ಮೆತ್ತನೆಯದಕ್ಕೆ ಇನ್ನೊಂದು. ಅಕ್ಕಪಕ್ಕದವರೆಲ್ಲ ಆ ಹೊತ್ತಿಗೆ ಕಿಟಕಿ ಎಳೆದುಕೊಳ್ಳುತ್ತಾರೆ. ಟೇಪಕ್ಕ ಮಾತ್ರ ತನ್ನ ಕಿಟಕಿಯನ್ನು ಹಾಗೆಯೇ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಅಲ್ಲಿ ಕೊಯ್ಯುವವರು ಶುರುಮಾಡಿದ ಮೇಲೆ ಇಲ್ಲಿ ಹೊಲಿಯುವವಳು ತಡಮಾಡಬಾರದು ಎಂಬುದು ಅವಳೇ ಹಾಕಿಕೊಂಡ ನಿಯಮ.

ಅಳತೆಯ ಟೇಪು ಸದಾ ಕೊರಳಲ್ಲಿ ಇರುವುದರಿಂದ ಬೀದಿಯವರು ಕೊಟ್ಟ ಹೆಸರು ಅದು. ಒಮ್ಮೆ ಸಾವಿನ ಮನೆಗೂ ಟೇಪು ತೆಗೆದಿಡಲು ಮರೆತು ಹೋಗಿದ್ದಳಂತೆ. ಅಳುತ್ತಿದ್ದವರು ಅರೆಗಳಿಗೆ ಅಳು ನಿಲ್ಲಿಸಿ ಅವಳನ್ನೇ ನೋಡಿದ್ದರಂತೆ. ಈ ಕಥೆಯನ್ನು ಅವಳ ಗಂಡ ಹೇಳುತ್ತಾನೆ. ಅವಳು ಹೊಲಿದದ್ದಕ್ಕೆ ಇಸ್ತ್ರಿ ಹಾಕುವವನು ಅವನೇ.

ಟೇಪಕ್ಕ ಹೊಲಿಯುವುದು ಕೋಟು. ಅವಳ ಅಪ್ಪನೂ ಅದನ್ನೇ ಹೊಲಿಯುತ್ತಿದ್ದ, ಒಂದು ಫೋಟೋ ಸ್ಟುಡಿಯೋಗೆ. ಫೋಟೋ ತೆಗೆಸಿಕೊಳ್ಳಲು ಬಂದವರು ಗೂಟದಲ್ಲಿ ನೇತುಹಾಕಿದ ಕೋಟು ತೊಟ್ಟು, ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆ ನಾಲ್ಕು ಕ್ಷಣ ಕೋಟಿನಲ್ಲಿ ಒಂದು ಸುಕ್ಕೂ ಕಾಣಬಾರದು. ಹಾಗೆ ಕತ್ತರಿಸುವ ಕೈಚಳಕ ಅಪ್ಪನಿಂದ ಮಗಳಿಗೆ ಬಂತು. ಅಳತೆ ತೆಗೆಯುವಾಗ ಅಪ್ಪ ಹೇಳುತ್ತಿದ್ದ ಮಾತೂ ಬಂತು: ಕೈ ಕೆಳಗೆ, ಮುಂದೆ ನೋಡಿ, ಅಲ್ಲಾಡಬೇಡಿ. ಎಂಥ ದೊಡ್ಡ ಅಧಿಕಾರಿಯೂ ಅವಳ ಮುಂದೆ ಮೂರು ನಿಮಿಷ ಶಾಲೆಯ ಹುಡುಗನಂತೆ ನಿಲ್ಲುತ್ತಿದ್ದ.

ಊರಿನ ಅತಿ ದೊಡ್ಡ ಹೋಟೆಲಿನವರು ತಮ್ಮ ಚಹಾ ಮಂದಿರದ ವೇಟರುಗಳಿಗೆ ನಲವತ್ತು ಕೋಟು ಹೊಲಿಸಿದ್ದು ಇದೇ ಹೆಸರು ಕೇಳಿ. ಮೋಡದ ಬಣ್ಣದ ಬಟ್ಟೆ, ಎರಡು ಸಾಲು ಗುಂಡಿ. ಗಂಡ ಹೆಂಡತಿ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಪ್ಪತ್ತಾರು ದಿನದಲ್ಲಿ ಮುಗಿಸಿದರು. ಮ್ಯಾನೇಜರ್ ಖುಷಿಪಟ್ಟು ಎರಡು ಮಾತು ಹೇಳಿದರು. ಒಂದು, ಅದೇ ಮಾಲೀಕರ ಇನ್ನೊಂದು ಹೋಟೆಲಿಗೆ ಎಂಬತ್ತು ಕೋಟು ಬೇಕು, ತಿಂಗಳ ಕೊನೆಗೆ ಗಟ್ಟಿಯಾಗುತ್ತದೆ. ಎರಡು, ಭಾನುವಾರ ಸಂಜೆಯ ಚಹಾಕ್ಕೆ ಇಬ್ಬರು ಅತಿಥಿಗಳಾಗಿ ಬರಬೇಕು. ಟೇಪಕ್ಕ ಪಕ್ಕದ ಖಾಲಿ ಕೋಣೆಯ ಬೀಗದ ಕೈಯನ್ನು ಆಗಲೇ ಇಸಕೊಂಡಳು. ಇಬ್ಬರು ಹೆಂಗಸರಿಗೆ ಕೆಲಸಕ್ಕೆ ಬನ್ನಿ ಎಂದೂ ಹೇಳಿಟ್ಟಳು.

ಚಹಾಕ್ಕೆ ಬರಲು ಗಂಡ ಒಪ್ಪಲಿಲ್ಲ. ಆ ಮೆತ್ತನೆ ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆ ಎಂದ. ಅವನ ತಂಗಿಯನ್ನು ಯಾರೂ ಕರೆಯಬೇಕಾಗಿರಲಿಲ್ಲ. ನಾದಿನಿ ಶಾಲೆಯ ಟೀಚರು. ಎಲ್ಲಿಗೆ ಹೋದರೂ ಚಮಚವನ್ನು ಬೆಳಕಿಗೆ ಹಿಡಿದು ನೋಡುವ ಪೈಕಿ. ಮೂರು ದಿನ ಮೊದಲೇ ಹೊಸ ಚಪ್ಪಲಿ ತಂದು, ಮನೆಯಲ್ಲೇ ನಡೆದು ಪಳಗಿಸಿಕೊಂಡಿದ್ದಳು.

ಅದು ಎತ್ತರದ ಕಿಟಕಿಗಳ ಹಾಲು. ನೆಲದ ಜಮಖಾನೆ ಹೆಜ್ಜೆಯ ಸದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಗೋಡೆಗುಂಟ ವೇಟರುಗಳು ಸಾಲಾಗಿ ನಿಂತಿದ್ದರು. ಕಿಟಕಿಯ ಬೆಳಕು ಅವರ ಭುಜಗಳಿಂದ ಕೆಳಕ್ಕೆ, ಎಲ್ಲೂ ಮುರಿಯದೆ, ನೀರಿನಂತೆ ಇಳಿದಿತ್ತು. ಟೇಪಕ್ಕ ಕೂರುವ ಮೊದಲೇ ಹನ್ನೊಂದು ಕೋಟು ಎಣಿಸಿದಳು. ಒಂದು ಸುಕ್ಕು ತೋರಿಸು ನೋಡೋಣ ಎಂದು ನಾದಿನಿಗೆ ಸವಾಲು ಹಾಕಿದಳು.

ಇಪ್ಪತ್ತೈದು ನಿಮಿಷ ಕಳೆದರೂ ನೀರು ಕೂಡ ಬರಲಿಲ್ಲ.

"ಕೋಟು ಚೆನ್ನಾಗಿದೆ ಅತ್ತಿಗೆ," ಎಂದಳು ನಾದಿನಿ. "ಆದ್ರೆ ಕೋಟನ್ನ ಕುಡಿಯೋಕಾಗಲ್ವಲ್ಲ."

ಆಮೇಲೆ ಬಂದದ್ದೂ ಒಂದು ಕ್ರಮದಲ್ಲಿ ಬರಲಿಲ್ಲ. ಮೊದಲು ಎರಡು ಕಪ್ಪು ಬಂದವು. ತಟ್ಟೆಗಳಿಗೆ ಇನ್ನೊಂದು ಸಲ, ಹಾಲಿಗೆ ಮತ್ತೊಂದು ಸಲ ನಡೆದದ್ದಾಯಿತು. ಮೂರು ಅಂತಸ್ತಿನ ತಿಂಡಿಯ ಸ್ಟ್ಯಾಂಡು ಬಂದು ಕೂತು ಹದಿನೈದು ನಿಮಿಷವಾದರೂ ಚಹಾದ ಸುಳಿವಿಲ್ಲ. ತೆಳ್ಳಗೆ ಕೊಯ್ದ ಬ್ರೆಡ್ಡಿನ ಅಂಚು ಒಣಗಿ ಮೇಲಕ್ಕೆ ಮುದುಡಿತ್ತು. ಬಿಸಿ ಎಂದು ಹೇಳಿದ ಬನ್ನಿಗೆ ಬೆಣ್ಣೆ ಹಚ್ಚಿದರೆ ಬೆಣ್ಣೆ ಹಚ್ಚಿದಲ್ಲೇ ಕೂತಿತು. ಕೊನೆಗೂ ಬಂದ ಚಹಾ ಕೆಟಲಿನಲ್ಲೇ ಕೂತು ಕೂತು ಕಹಿಯಾಗಿತ್ತು.

ಅದನ್ನು ತಂದ ವೇಟರಿನ ಮುಖ ಟೇಪಕ್ಕನಿಗೆ ನೆನಪಿರಲಿಲ್ಲ, ಅಳತೆ ನೆನಪಿತ್ತು. ಎದೆ ನಲವತ್ತೆರಡು, ಎಡಭುಜ ಅರ್ಧ ಇಂಚು ತಗ್ಗು. ಐವತ್ತು ದಾಟಿದ ಮನುಷ್ಯ, ಕಿವಿಯ ಬಳಿ ಬೆಳ್ಳಿ. ಆತ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಕಂಕುಳಲ್ಲಿ ಏನನ್ನೋ ಬಚ್ಚಿಟ್ಟುಕೊಂಡವನಂತೆ, ಕೆಟಲನ್ನು ಕಪ್ಪಿನ ಅಂಚಿಗೇ ತಾಗಿಸಿ ಬಗ್ಗಿಸಿದ. ಚಹಾ ಮೂತಿಯಿಂದ ಹಿಂದಕ್ಕೆ ಜಾರಿ ಮೇಜಿನ ಬಟ್ಟೆಯ ಮೇಲೆ ಹರಡಿತು. ಸ್ಟ್ಯಾಂಡಿನ ಮೇಲಿನ ತಟ್ಟೆಯವರೆಗೂ ಆತನ ಕೈ ಹೋಗಲಿಲ್ಲ. ಸ್ಟ್ಯಾಂಡನ್ನೇ ತಿರುಗಿಸಿ, ತಲೆ ತಗ್ಗಿಸಿ, ದಯವಿಟ್ಟು ನೀವೇ ತೆಗೆದುಕೊಳ್ಳಿ ಎಂದು ಹೇಳಿ ಹೋದ. ನಮ್ಮ ಶಾಲೆಯ ಆಯಾ ಒಂದು ಕೈಯಲ್ಲಿ ಇಪ್ಪತ್ತು ಮಕ್ಕಳಿಗೆ ಹಾಲು ಹಂಚುತ್ತಾಳೆ, ಇವರಿಗೇನು ಬಂತು ರೋಗ ಎಂದು ನಾದಿನಿ ಮೂಗು ಮುರಿದಳು.

ಪಕ್ಕದ ಮೇಜಿನಲ್ಲಿ ಮುತ್ತಿನ ಸರದ ಹೆಂಗಸೊಬ್ಬರು ಇದ್ದರು. ಅವರ ಕೈಚೀಲದ ಮೇಲೂ ಅದೇ ವೇಟರಿನಿಂದ ಅದೇ ರೀತಿ ಚಹಾ ಚೆಲ್ಲಿತು. ಅವರು ದನಿ ಏರಿಸಲಿಲ್ಲ. ಮ್ಯಾನೇಜರನ್ನು ಕರೆಸಿ, ಇಷ್ಟು ಹೆಸರಿನ ಜಾಗದಲ್ಲಿ ಬಡಿಸಲು ಬರುವವರು ಒಬ್ಬರೂ ಇಲ್ಲವೇ ಎಂದು ಮಾತ್ರ ಕೇಳಿದರು. ಮ್ಯಾನೇಜರ್ ಕ್ಷಮೆ ಕೇಳಿ, ಹೊಸ ಮೇಜುಬಟ್ಟೆ ಹಾಸಿಸಿ, ವೇಟರನ್ನು ಕಂಬದ ಮರೆಗೆ ಕರೆದರು. ಆ ಕಂಬ ಟೇಪಕ್ಕನ ಕುರ್ಚಿಯ ಬೆನ್ನಿಗೇ ಇತ್ತು. ಈ ವಾರದಲ್ಲಿ ಇದು ಮೂರನೆಯ ದೂರು, ನಾಳೆಯಿಂದ ಒಳಗೆ ಚಮಚ ಒರೆಸುವ ಕೆಲಸ ನೋಡಿಕೊಳ್ಳಿ, ವಯಸ್ಸಾಗಿ ಕೈ ಸೋತಿದೆ ಎಂದು ಯಾರಿಗೂ ಹೇಳುವುದು ಬೇಡ ಎಂದರು ಮ್ಯಾನೇಜರ್. ಮಾತಿನಲ್ಲಿ ಕನಿಕರವಿತ್ತು. ಅದಕ್ಕೇ ಕೇಳಲು ಇನ್ನೂ ಕಷ್ಟವಾಗಿತ್ತು.

"ಆಯ್ತು ಸರ್," ಎಂದಷ್ಟೇ ಆ ಕಡೆಯಿಂದ ಕೇಳಿತು.

ಮ್ಯಾನೇಜರ್ ಬಾಗಿಲಾಚೆ ಹೋದರು. ಆಗ ಇಳಿಬಿಸಿಲು ಒಂದು ಮೇಜಿನ ಮೇಲೆ ಬಿತ್ತೆಂದು ಒಬ್ಬ ಕಿರಿಯ ವೇಟರ್ ಪರದೆಯ ಹಗ್ಗ ಎಳೆಯಲು ಕೈಯೆತ್ತಿದ. ಅವನ ಕಂಕುಳಲ್ಲಿ ಬಿಳಿ ಅಂಗಿ ಮಿಂಚಿ ಮರೆಯಾಯಿತು.

ಟೇಪಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಅವಳ ಹೊಲಿಗೆ ಬಿಟ್ಟಿದೆ! ಎರಡು ಸುತ್ತು ಹಾಕಿದ್ದ ಹೊಲಿಗೆ. ಅವಳು ಮುಂದಿನವನನ್ನು ನೋಡಿದಳು. ಅವನೂ ಈಗ ಕೈ ಸಡಿಲಬಿಟ್ಟು ದೊಡ್ಡ ಟ್ರೇ ಎತ್ತುತ್ತಿದ್ದ, ಅವನದ್ದೂ ಬಿಟ್ಟಿತ್ತು. ಮೂರನೆಯವನದ್ದೂ ಹಾಗೆಯೇ. ದಾರ ಮೋಸ ಮಾಡಿತೇ ಎಂದುಕೊಂಡಳು. ಆದರೆ ತಾನಾಗಿ ಬಿಟ್ಟ ಹೊಲಿಗೆಯಲ್ಲಿ ದಾರದ ತುದಿಗಳು ಜೋತಾಡುತ್ತವೆ, ಬಟ್ಟೆ ಎಳೆದುಕೊಳ್ಳುತ್ತದೆ. ಇಲ್ಲಿ ಎರಡೂ ಕಡೆ ಸಮಸಮ ನಾಲ್ಕು ಬೆರಳು, ನೀಟಾಗಿ. ಇದು ಬ್ಲೇಡಿನ ಕೆಲಸ. ತನ್ನ ಕೈಕೆಲಸಕ್ಕೆ ಬ್ಲೇಡು ಹಾಕಿದ್ದಾರೆಂದು ಅವಳಿಗೆ ನೆತ್ತಿಗೇರಿದ ಕೋಪ ಹಾಗೆಯೇ ಅಲ್ಲೇ ನಿಂತಿತು. ಕೊಯ್ದುಕೊಂಡವರ ಕೈ ಮೇಲೇಳುತ್ತಿದೆ. ಮ್ಯಾನೇಜರ್ ಇದ್ದಷ್ಟು ಹೊತ್ತು, ಕೊಯ್ದದ್ದು ಕಾಣದಿರಲೆಂದು ಅವರು ಮೊಣಕೈ ಅದುಮಿಕೊಂಡು ಓಡಾಡಿದ್ದಾರೆ. ಅದಕ್ಕೇ ಒಂದೊಂದೇ ಕಪ್ಪು, ಅದಕ್ಕೇ ಈ ತಡ. ಇಡೀ ಹಾಲಿನಲ್ಲಿ ಕೋಟು ಅವಳು ಹೊಲಿದಂತೆಯೇ ಇರುವುದು, ಮ್ಯಾನೇಜರ್ ಹೋದ ಮೇಲೂ ಮೊಣಕೈ ಸಡಿಲಿಸದ ಒಬ್ಬನ ಮೈಮೇಲೆ ಮಾತ್ರ. ನಾಳೆಯಿಂದ ಚಮಚ ಒರೆಸುವವನ ಮೈಮೇಲೆ.

ಅಳತೆಯ ದಿನ ಮೊದಲು ಬಂದವನೂ ಆತನೇ. ಟ್ರೇ ಹೊತ್ತವನಂತೆ ಎರಡು ಕೈಯೆತ್ತಿ, ನಾವು ಹೀಗೆ ಹಿಡಿಯುತ್ತೇವೆ ಎಂದು ತೋರಿಸಿದ್ದ. ಅವಳು ಆ ಕೈಗಳನ್ನು ಹಿಡಿದು ಕೆಳಕ್ಕೆ ಒತ್ತಿದ್ದಳು. ಅಲ್ಲಾಡಬೇಡಿ ಎಂದಿದ್ದಳು.

ಅವಳು ತನಗೆ ಹೊಳೆದದ್ದನ್ನು ನಾದಿನಿಗೆ ಹೇಳಿದಳು. ನಾದಿನಿ ಕಪ್ಪು ಕೆಳಗಿಟ್ಟು ಅತ್ತಿತ್ತ ನೋಡಿದಳು.

"ಬಾಯಿಗೆ ಬೀಗ ಹಾಕ್ಕೊಂಡು ಕೂತಿರು ಅತ್ತಿಗೆ. ಎಂಬತ್ತು ಕೋಟು ಬರೋದಿದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕ್ಕೋತೀಯಾ?"

"ಅವರು ಒಳಗೆ ಕೂತು ಚಮಚ ಒರೆಸ್ಲಿ, ನಾನು ಹೊರಗೆ ಕೂತು ಹೆಸರು ತಗೋತೀನಿ. ಹಾಗಾ?"

"ಆ ಮನುಷ್ಯನಿಗೆ ವಯಸ್ಸೂ ಆಗಿದೆ."

"ಭುಜ ಕಲ್ಲಿದ್ದ ಹಾಗಿದೆ. ಅಳೆದವಳು ನಾನು."

ಅಳತೆಯ ವಿಷಯದಲ್ಲಿ ಅತ್ತಿಗೆಯ ಎದುರು ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮ್ಯಾನೇಜರ್ ಮತ್ತೆ ಹಾಲಿಗೆ ಬಂದೊಡನೆ ಟೇಪಕ್ಕ ಕೈ ಎತ್ತಿ ಅವರನ್ನು ಕರೆದಳು, ಅಂಗಡಿಗೆ ಬಂದ ಗಿರಾಕಿಯನ್ನು ಒಳಕ್ಕೆ ಕರೆಯುವ ಹಾಗೆಯೇ. ಹಿರಿಯ ವೇಟರನ್ನೂ ಬರಹೇಳಿದಳು. ಇನ್ನೊಂದು ದೂರು ಎಂದುಕೊಂಡು ಇಬ್ಬರೂ ಬಂದು ನಿಂತರು.

"ಇವರನ್ನ ಒಳಗೆ ಕಳಿಸ್ಬೇಡಿ. ತಪ್ಪು ಇವರದ್ದಲ್ಲ, ಕೋಟಿಂದು. ಕೋಟು ನಂದು."

ಮ್ಯಾನೇಜರ್ ನಕ್ಕರು. "ಕೋಟಿಗೇನಾಗಿದೆ ಮೇಡಂ, ಬಂದವರೆಲ್ಲ ಹೊಗಳ್ತಾರೆ."

"ನಿಂತ್ರೆ ಚೆನ್ನಾಗಿದೆ. ನೀವು ಇವರನ್ನ ಇಟ್ಕೊಂಡಿರೋದು ನಿಲ್ಲೋಕಾ?" ಎಂದು ಅವಳು ವೇಟರಿನ ಕಡೆ ತಿರುಗಿದಳು. "ಕೈ ಎತ್ತಿ."

ಆತ ಮ್ಯಾನೇಜರಿನ ಮುಖ ನೋಡಿದ. ನಿಧಾನವಾಗಿ ಎತ್ತಿದ. ಎದೆಯ ಮಟ್ಟ ದಾಟುವ ಮೊದಲೇ ಮೊಣಕೈ ಸಿಕ್ಕಿಕೊಂಡಿತು. ಇನ್ನೂ ಎತ್ತಿದಾಗ ಇಡೀ ಕೋಟು ಸೊಂಟದಿಂದ ಮೇಲೆದ್ದು, ಕಾಲರು ಕಿವಿಯವರೆಗೆ ಬಂದು, ಕೊಡೆಯೊಳಗೆ ಸಿಕ್ಕಿಕೊಂಡವನಂತೆ ಕಂಡ. ಮುತ್ತಿನ ಸರದವರು ಚಮಚ ಬಿಟ್ಟು ಇತ್ತ ನೋಡಿದರು. ಮ್ಯಾನೇಜರಿನ ನಗು ಎಲ್ಲಿಗೋ ಹೋಯಿತು.

ಅಡುಗೆಮನೆಗೆ ಹೋಗುವ ಬಾಗಿಲ ಹಿಂದಿನ ಕಿರುಕೋಣೆಯಲ್ಲಿ, ಕಪ್ಪುಗಳ ಗೂಡಿನ ಪಕ್ಕ, ಅವಳು ಆ ಕೋಟನ್ನು ಮಡಿಲಲ್ಲಿ ಹಾಕಿಕೊಂಡು ಚೀಲದ ಸಣ್ಣ ಕತ್ತರಿಯಿಂದ ಕಂಕುಳ ಹೊಲಿಗೆ ಬಿಡಿಸಿದಳು. ತನ್ನ ಹೊಲಿಗೆಯನ್ನು ತಾನೇ ಬಿಡಿಸುವುದು ನಿಧಾನದ ಕೆಲಸ. ಅದು ಅಷ್ಟು ಭದ್ರವಾಗಿತ್ತು. ವೇಟರ್ ಬರೀ ಅಂಗಿಯಲ್ಲಿ ನಿಂತು ನೋಡುತ್ತಿದ್ದ. ಎರಡು ವಾರದಿಂದ ಮನೆಯಲ್ಲಿ ಭುಜಕ್ಕೆ ಮುಲಾಮು ತಿಕ್ಕಿಸಿಕೊಳ್ಳುತ್ತಿರುವುದಾಗಿ ಹೇಳಿದ. ಹೆಂಡತಿ ಇನ್ನು ಸಾಕು ಮನೆಯಲ್ಲಿರಿ ಎನ್ನುತ್ತಿದ್ದಾಳಂತೆ.

"ನಂಗೆ ವಯಸ್ಸಾಯ್ತು ಅಂತಲೇ ಅಂದ್ಕೊಂಡಿದ್ದೆ ಅಮ್ಮ."

"ಉಳಿದವರ ಹಾಗೆ ನೀವೂ ಕೊಯ್ಕೊಳ್ಳೋದಲ್ವಾ?"

"ಅವರು ಹೇಳಿದ್ರು. ಯಾರೋ ಕೂತು ಅಷ್ಟು ಚೆನ್ನಾಗಿ ಹೊಲಿದಿದ್ದಾರೆ, ಹೇಗೆ ಬ್ಲೇಡು ಹಾಕೋದು ಅನ್ನಿಸ್ತು."

ಟೇಪಕ್ಕ ಇನ್ನೊಂದು ಕಂಕುಳನ್ನು ಬಿಡಿಸುವುದರಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಕಳೆದಳು.

ಆತ ಕೋಟು ತೊಟ್ಟು, ಗುಂಡಿ ಹಾಕಿ, ಒಮ್ಮೆ ಭುಜ ತಿರುಗಿಸಿ ನೋಡಿಕೊಂಡ. ಆಮೇಲೆ ಕೆಟಲು, ಆರು ಕಪ್ಪು, ಹಾಲು, ಬಿಸಿನೀರು ಎಲ್ಲವನ್ನೂ ಒಂದೇ ಟ್ರೇಯಲ್ಲಿ ಜೋಡಿಸಿ, ಎಡ ಅಂಗೈ ಮೇಲೆ ಕಿವಿಯ ಮಟ್ಟಕ್ಕೆ ಎತ್ತಿಕೊಂಡು ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಹೊರಟ. ಮುತ್ತಿನ ಸರದವರ ಮೇಜಿನಲ್ಲಿ ಕೆಟಲನ್ನು ಒಂದು ಮೊಳ ಮೇಲಿನಿಂದ ಬಗ್ಗಿಸಿದ. ಚಹಾ ತೆಳ್ಳನೆಯ ಒಂದು ಎಳೆಯಾಗಿ ಇಳಿದು, ಕಪ್ಪು ತುಂಬಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಆ ಹೆಂಗಸು ತಮ್ಮ ಕೈಚೀಲವನ್ನು ಮಡಿಲಿನಿಂದ ತೆಗೆದು ಮತ್ತೆ ಮೇಜಿನ ಮೇಲಿಟ್ಟರು.

ಮ್ಯಾನೇಜರ್ ಟೇಪಕ್ಕನ ಮೇಜಿಗೆ ಬಂದು ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತರು. ಚಮಚದ ಮಾತು ಅಲ್ಲಿಗೆ ಬಿಟ್ಟೆ ಎಂದರು. ಆದರೆ ಇದನ್ನೆಲ್ಲ ಮಾಲೀಕರಿಗೆ ತಿಳಿಸದೆ ವಿಧಿಯಿಲ್ಲ, ಎಂಬತ್ತು ಕೋಟಿನ ವಿಷಯ ಆಮೇಲೆ ಏನಾಗುತ್ತದೋ ತನ್ನ ಕೈಯಲ್ಲಿಲ್ಲ ಎಂದರು. ನಾದಿನಿ, ನಾನು ಹೇಳಲಿಲ್ಲವೇ ಎಂಬಂತೆ ಸ್ಟ್ಯಾಂಡಿನ ಕಡೆ ನೋಡಿದಳು.

"ಖಂಡಿತ ಹೇಳಿ," ಎಂದಳು ಟೇಪಕ್ಕ. "ಈ ನಲವತ್ತಕ್ಕೂ ಕಂಕುಳಲ್ಲಿ ಒಂದೊಂದು ಚೌಕದ ತುಂಡು ಕೂರಿಸ್ತೀನಿ, ದಿನಕ್ಕೆ ಐದು ಕಳಿಸಿ. ನಿಂತಾಗ ಕಾಣಲ್ಲ, ಎತ್ತಿದಾಗ ಹಿಡಿಯಲ್ಲ. ಆ ಎಂಬತ್ತನ್ನ ಬೇರೆ ಯಾರಿಗೆ ಕೊಟ್ರೂ ಅವರೂ ಕೈ ಕೆಳಗೆ ಬಿಡಿಸಿಯೇ ಅಳೀತಾರೆ. ನಾನು ಇನ್ಮೇಲೆ ಹಾಗೆ ಅಳೆಯಲ್ಲ. ಮೊದಲು ಎರಡು ದಿನ ಆ ಬಾಗಿಲ ಹತ್ರ ನಿಂತು ಇವರೆಲ್ಲ ಕೆಲಸ ಮಾಡೋದು ನೋಡ್ತೀನಿ. ಅದನ್ನೂ ಹೇಳಿ."

ಮ್ಯಾನೇಜರ್ ಕೆನ್ನೆ ಕೆರೆದುಕೊಂಡರು. ಹೇಳ್ತೀನಿ ಎಂದು ಅಡುಗೆಮನೆಯ ಕಡೆ ಹೋದರು.

ಹೊಸ ಕೆಟಲು ಬಂತು. ಹಿರಿಯ ವೇಟರೇ ತಂದು ಇಬ್ಬರಿಗೂ ಬಗ್ಗಿಸಿದ. ಹೊಗೆಯಾಡುವ, ಹದವಾದ ಬಣ್ಣದ ಚಹಾ. ನಾದಿನಿ ಒಂದು ಗುಟುಕು ಕುಡಿದು, ಎರಡನೆಯ ಗುಟುಕಿಗೆ ಕಣ್ಣು ಮುಚ್ಚಿದಳು. ಕೀಳುಮಾಡಲು ಏನೂ ಸಿಗದೆ, ಇನ್ನಾದರೂ ನೆಟ್ಟಗೆ ಕೂತು ಕುಡಿ, ಮತ್ತೆ ಆರಿಹೋಗುತ್ತದೆ ಎಂದು ಅತ್ತಿಗೆಯನ್ನೇ ಗದರಿದಳು.

ಟೇಪಕ್ಕ ಕಪ್ಪು ಎತ್ತಿದ್ದಳು. ತುಟಿಗೆ ತಾಗಿಸಿರಲಿಲ್ಲ. ಅವಳ ಕಣ್ಣು ದೂರದ ಕಿಟಕಿಯ ಬಳಿ ಖಾಲಿ ತಟ್ಟೆಗಳನ್ನು ಎತ್ತುತ್ತಿದ್ದ ಕಿರಿಯ ವೇಟರಿನ ಮೇಲಿತ್ತು.

"ನೀನು ಕುಡೀತಿರು. ಅಲ್ನೋಡು, ಎತ್ತುವಾಗ ಅವನ ಭುಜ ಮೊದಲು ಹಿಂದಕ್ಕೆ ಹೋಗುತ್ತೆ, ಆಮೇಲೆ ಮೇಲಕ್ಕೆ. ಅಂದ್ರೆ ಬರೀ ಕಂಕುಳಲ್ಲಿ ಬಿಟ್ರೆ ಸಾಲದು, ಬೆನ್ನಲ್ಲೂ ಒಂದು ಮಡಿಕೆ ಇಟ್ಟು, ಅದನ್ನ ಮೇಲಿನಿಂದ..." ಎನ್ನುತ್ತಲೇ ಕಪ್ಪು ಕೆಳಗಿಟ್ಟು ಎದ್ದವಳು, ಮಾತು ಮುಗಿಸುವುದನ್ನೂ ಮರೆತು, ಮೇಜುಗಳ ನಡುವೆ ಕಿಟಕಿಯ ಕಡೆಗೆ ನಡೆದುಬಿಟ್ಟಳು.