ಬಲಗಡೆಯ ಸ್ಪೀಕರ್

ಮಂಗಳವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಒರ್ಲೀನ್ ರ‍್ಯಾಟ್‌ಲಿಫ್ ರೇಡಿಯೋ ಕೇಂದ್ರದ ಅಂಗಳದಲ್ಲಿ, ತಮ್ಮ ಹಳೆಯ ಪಿಕಪ್ ಟ್ರಕ್ಕಿನೊಳಗೆ ಕುಳಿತು ಹೊಸ ಹಾಡೊಂದಕ್ಕೆ ಅಂಕ ಹಾಕುತ್ತಿದ್ದರು. ಎಂಜಿನ್ ನಿಂತಿತ್ತು. ಕಿಟಕಿಯ ಗಾಜು ಏರಿಸಿತ್ತು. ಮೊಣಕಾಲ ಮೇಲೆ ಅಂಗೈಯಗಲದ ಒಂದು ರಟ್ಟಿನ ಚೀಟಿ.

ಕೆಂಟಕಿಯ ಬೆಟ್ಟಗಳ ನಡುವಿನ ನಮ್ಮ ಪುಟ್ಟ ಕೇಂದ್ರದಲ್ಲಿ ಕಂಟ್ರಿ ಎಂಬ ಹಳ್ಳಿಗಾಡಿನ ಹಾಡುಗಳನ್ನು ಬಿಟ್ಟು ಬೇರೇನೂ ಬರುವುದಿಲ್ಲ. ಯಾವ ಹಾಡು ಬರಬೇಕೆಂದು ನಲವತ್ತೊಂದು ವರ್ಷ ತೀರ್ಮಾನಿಸಿದವರು ಒರ್ಲೀನ್. ನಾನು ಅಲ್ಲಿ ಯಂತ್ರ ನೋಡಿಕೊಳ್ಳುವವನು. ಹೊಸ ಹಾಡುಗಳನ್ನು ಅವರಿಗಾಗಿ ಕ್ಯಾಸೆಟ್ಟಿಗೆ ಇಳಿಸಿಕೊಡುವುದೂ ನನ್ನ ಕೆಲಸ. "ಜನ ಹಾಡು ಕೇಳೋದು ಟ್ರಕ್ಕಲ್ಲಿ. ನಾನು ಬೇರೆಲ್ಲಿ ಕೂತು ಕೇಳಲಿ?" ಎನ್ನುತ್ತಿದ್ದರು. ಹತ್ತಕ್ಕೆ ಏಳು ಬಂದರೆ ಪ್ರಸಾರ, ಇಲ್ಲದಿದ್ದರೆ ಇಲ್ಲ. ಹಾಡು ಕಟ್ಟಿದವರು ಆ ಹೊತ್ತಿನಲ್ಲಿ ಟ್ರಕ್ಕಿನ ಹತ್ತಿರ ಸುಳಿಯುವಂತಿರಲಿಲ್ಲ.

ಬೆಳಗಿನ ಸುದ್ದಿ ಓದುವ ಡೆಲ್ಮರ್ ಕಾಫಿ ಹಿಡಿದು ಕಿಟಕಿ ತಟ್ಟಿದ.

"ಎಷ್ಟು ಬಿತ್ತು, ಮಿಸ್ ಒರ್ಲೀನ್?"

"ನಾಲ್ಕು."

"ಅಯ್ಯೋ, ದೇಶಕ್ಕೆ ದೇಶವೇ ಕುಣೀತಿದೆಯಲ್ರೀ ಆ ಹಾಡಿಗೆ!"

"ಕುಣೀಲಿ ಬಿಡು. ಈ ವಾರ ಹನ್ನೊಂದು ಹಾಡು ಕೇಳ್ದೆ. ಒಂಬತ್ತರಲ್ಲಿ ಟ್ರಕ್ಕು, ಏಳರಲ್ಲಿ ಬಿಯರು. ಒಂದರಲ್ಲೂ ಯಾರಪ್ಪನೂ ಸತ್ತಿಲ್ಲ. ಹುಡುಗಿ ಇದಾಳೆ, ಅವಳಿಗೊಂದು ಹೆಸರಿಲ್ಲ. ಟ್ರಕ್ಕಿಗಿದೆ."

"ನಿಮ್ಮ ಟ್ರಕ್ಕಿಗೂ ಒಂದು ಹೆಸರಿಡಿ ಮತ್ತೆ."

"ಹೋಬರ್ಟ್ ಇಟ್ಟಿದ್ದ. ಅದನ್ನ ರೇಡಿಯೋದಲ್ಲಿ ಹೇಳೋ ಹಾಗಿಲ್ಲ."

ಹೋಬರ್ಟ್ ಅವರ ಗಂಡ. ಶಾಲೆಯ ಬಸ್ ಓಡಿಸುತ್ತಿದ್ದ. ಕಳೆದ ನವೆಂಬರಿನಲ್ಲಿ ತೀರಿಕೊಂಡಿದ್ದ.

ಕೇಂದ್ರ ಮಾರಾಟವಾಗಿತ್ತು. ಶನಿವಾರದಿಂದ ಹಾಡುಗಳ ಪಟ್ಟಿ ದೂರದ ಒಂದು ನಗರದಿಂದ ಬರಲಿತ್ತು. ಶುಕ್ರವಾರ ಹನ್ನೊಂದರಿಂದ ಹನ್ನೆರಡರವರೆಗಿನ ತಾಸು ಒರ್ಲೀನ್ ಅವರ ಕೊನೆಯ ತಾಸು. ಡೆಲ್ಮರ್ ಒಳಗೆ ಹೋದ ಮೇಲೆ ಅವರು ನನ್ನನ್ನು ಕರೆದು, ಬ್ರೆಡ್ಡಿನ ಕವರಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ ಕೊಟ್ಟರು.

"ಹೋಬರ್ಟ್ ಕಟ್ಟಿದ ಹಾಡು. ಅದೊಂದೇ. ಎಂಬತ್ತಾರರಲ್ಲಿ ತಂದುಕೊಟ್ಟ. ಏಳಕ್ಕೆ ಮುಟ್ಟಲಿಲ್ಲ, ಹಾಕಲಿಲ್ಲ. ಆಮೇಲೆ ಅವನು ಗಿಟಾರ್ ಮುಟ್ಟಲಿಲ್ಲ. ಸ್ವಲ್ಪ ಚೊಕ್ಕ ಮಾಡಿಕೊಡಪ್ಪಾ, ಇನ್ನೊಂದ್ಸಲ ಕೇಳ್ತೀನಿ. ಏಳು ಬಂದ್ರೆ ಶುಕ್ರವಾರ ಹಾಕ್ತೀನಿ. ಬರದಿದ್ರೆ ಇಲ್ಲ. ಸತ್ತುಹೋದ ಅಂತ ಅಂಕ ಜಾಸ್ತಿ ಕೊಡೋಳಲ್ಲ ನಾನು."

ಹಳೆಯ ಚೀಟಿಯೂ ಜೊತೆಗಿತ್ತು. "ಧ್ವನಿಯಲ್ಲಿ ಸುಳ್ಳಿಲ್ಲ. ಮಾತು ಚೆನ್ನ. ಪ್ರತಿ ಸಾಲಿನ ನಂತರ ಖಾಲಿ. ಹಾಡು ನಿಂತು ನಿಂತು ಹೋಗುತ್ತದೆ."

ಮಧ್ಯಾಹ್ನ ಸ್ಟುಡಿಯೋದ ಯಂತ್ರಕ್ಕೆ ಕ್ಯಾಸೆಟ್ ಹಾಕಿದೆ. ಆ ಯಂತ್ರದಲ್ಲಿ ದನಿಯ ಏರಿಳಿತ ತೋರಿಸುವ ಎರಡು ಮುಳ್ಳುಗಳಿವೆ, ಎಡಕ್ಕೊಂದು, ಬಲಕ್ಕೊಂದು. ಹೋಬರ್ಟ್ ಹಾಡಿದಾಗ ಎಡದ ಮುಳ್ಳು ಮಾತ್ರ ಆಡಿತು. ಸಾಲು ಮುಗಿದು ಎಡದ್ದು ಬಿದ್ದುಕೊಂಡಿತು. ಆಗ ಬಲದ ಮುಳ್ಳು ಎದ್ದಿತು. ಪಿಟೀಲು. ನಾಲ್ಕು ಸೆಕೆಂಡು. ಮತ್ತೆ ಹೋಬರ್ಟನ ದನಿ.

ಯಂತ್ರದ ದೋಷವಿರಬಹುದೆಂದು ತಂತಿಗಳನ್ನು ಅದಲುಬದಲು ಮಾಡಿ ಕೇಳಿದೆ. ದೋಷವಿರಲಿಲ್ಲ. ನಂತರ ಕ್ಯಾಸೆಟ್ ತೆಗೆದುಕೊಂಡು ಹೋಗಿ ಒರ್ಲೀನ್ ಅವರ ಟ್ರಕ್ಕಿನಲ್ಲಿ ಹಾಕಿದೆ. ಪ್ರತಿ ಸಾಲಿನ ನಂತರ ನಾಲ್ಕು ಸೆಕೆಂಡು ಏನೂ ಇಲ್ಲ.

ಆ ಟ್ರಕ್ಕಿನ ಬಲಗಡೆಯ ಸ್ಪೀಕರ್ ಸತ್ತದ್ದು ಎಂಬತ್ತಾರರ ಮಾರ್ಚಿನ ನೆರೆಯಲ್ಲಿ. ಒರ್ಲೀನ್ ಅದನ್ನು ರಿಪೇರಿ ಮಾಡಿಸಲೇ ಇಲ್ಲ. ನಮ್ಮ ಕೇಂದ್ರ ಎರಡೂ ಕಡೆಯ ದನಿಯನ್ನು ಒಂದಾಗಿ ಬೆರೆಸಿ ಕಳಿಸುತ್ತದೆ. ಕೇಳಲು ಒಂದು ಸ್ಪೀಕರ್ ಸಾಕು. ಕಂಪನಿಗಳ ಹಾಡಿನಲ್ಲಿ ಹಾಡುವವರು ನಡುವೆ ನಿಂತಿರುತ್ತಾರೆ, ಎರಡೂ ಕಡೆ ಕೇಳಿಸುತ್ತಾರೆ. ಆದ್ದರಿಂದ ಒರ್ಲೀನ್ ಅವರಿಗೆ ಕೊರತೆ ಕಾಣಲಿಲ್ಲ. ಹೋಬರ್ಟ್ ಯಾರದೋ ಯಂತ್ರ ಎರವಲು ತಂದು ಮನೆಯಲ್ಲಿ ಧ್ವನಿಮುದ್ರಿಸಿದ್ದ. ಹಾಡು ಒಂದು ಕಡೆ, ಪಿಟೀಲು ಇನ್ನೊಂದು ಕಡೆ ಬಿದ್ದದ್ದು ಅವನಿಗೆ ಗೊತ್ತಿರಲಾರದು. ಅಡುಗೆಮನೆಯ ಒಂದೇ ಸ್ಪೀಕರಿನ ಪೆಟ್ಟಿಗೆಯಲ್ಲಿ ಎರಡೂ ಬೆರೆತೇ ಕೇಳಿರಬೇಕು. ಹಾಡು ಅವನು ತಂದುಕೊಟ್ಟದ್ದು ನೆರೆಯ ಮರುತಿಂಗಳು, ಏಪ್ರಿಲಿನಲ್ಲಿ.

ಹೇಳದೆ ಇದ್ದುಬಿಡಲೇ ಎಂದು ಅರ್ಧ ದಿನ ಯೋಚಿಸಿದೆ. ಬುಧವಾರ ಹೇಳಿದೆ.

ಅವರು ಹೆಡ್‌ಫೋನ್ ಹಾಕಿಕೊಂಡು ಕುಳಿತರು. ಮೊದಲ ಸಾಲು ಮುಗಿಯಿತು. ಅವರ ಕೈ ಮೇಜಿನ ಅಂಚನ್ನು ಹಿಡಿಯಿತು.

"ಇದು ನಮ್ಮಪ್ಪನ ಪಿಟೀಲು. ದಪ್ಪ ತಂತಿ ಝುಂಯ್ ಅಂತಿತ್ತು, ನೋಡು, ಹಾಗೇ ಅಂತಿದೆ. ಅಪ್ಪ ಹೋದ ಮೇಲೆ ಮಂಚದ ಕೆಳಗೆ ಇಟ್ಟಿದ್ದೆ. ಯಾರೂ ಮುಟ್ಟಿಲ್ಲ ಅಂದ್ಕೊಂಡಿದ್ದೆ."

ಹಾಡು ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟರು. "ಆ ವರ್ಷ ಚಳಿಗಾಲವೆಲ್ಲ ಅವನ ಪ್ಯಾಂಟಿನ ಮೇಲೆ ಬಿಳಿ ಪುಡಿ. ಸ್ಕೂಲಿನ ಸೀಮೆಸುಣ್ಣ ಅಂತ ಬೈದು ಒಗೀತಿದ್ದೆ. ಕಮಾನಿಗೆ ಹಚ್ಚೋ ರಾಳ ಕಣೋ ಅದು. ಬಸ್ಸಲ್ಲಿ ಕೂತು ಕಲ್ತಿದಾನೆ."

"ಅವರು ಆಮೇಲೆ ಪಿಟೀಲಿನ ಸುದ್ದಿ ಎತ್ತಲೇ ಇಲ್ವಾ?"

"ಯಾಕೆತ್ತಾನೆ? ನಾನು ಕೇಳಿದೀನಿ ಅಂದ್ಕೊಂಡಿದಾನೆ. ಕೇಳಿಸಿಕೊಂಡೂ ಖಾಲಿ ಅಂದಳು ಅಂದ್ಕೊಂಡಿದಾನೆ. ಮೂವತ್ತೆಂಟು ವರ್ಷ."

ಶುಕ್ರವಾರ ಹನ್ನೊಂದು ಐವತ್ತೆರಡಕ್ಕೆ ಹಾಡು ಪ್ರಸಾರವಾಯಿತು. ಗುಂಡಿ ಒತ್ತಿದವನು ನಾನು. ಒರ್ಲೀನ್ ಹೊರಗೆ ಟ್ರಕ್ಕಿನಲ್ಲಿ ಕುಳಿತು ನಮ್ಮ ಕೇಂದ್ರವನ್ನೇ ಕೇಳುತ್ತಿದ್ದರು. ಬೆರೆತು ಹೋದ ದನಿಯಾದ್ದರಿಂದ ಎಡಗಡೆಯ ಒಂದೇ ಸ್ಪೀಕರಿನಲ್ಲಿ ಹೋಬರ್ಟನೂ ಬಂದ, ಪಿಟೀಲೂ ಬಂತು. ಎಂಬತ್ತಾರರಲ್ಲೇ ಒಂದು ಸಲ ಪ್ರಸಾರ ಮಾಡಿದ್ದರೆ ಸಾಕಿತ್ತು. ಅದೇ ಸೀಟಿನಲ್ಲಿ ಕುಳಿತು ಪಿಟೀಲನ್ನು ಕೇಳಿರುತ್ತಿದ್ದರು. ಇದನ್ನು ನಾನು ಅವರಿಗೆ ಹೇಳಲಿಲ್ಲ. ನಲವತ್ತೊಂದು ವರ್ಷ ಆ ಕೆಲಸ ಮಾಡಿದವರಿಗೆ ಹೇಳಬೇಕಾಗಿರಲಿಲ್ಲ.

ನಾನು ಹಳೆಯ ಚೀಟಿಯನ್ನೂ ಪೆನ್ನನ್ನೂ ಕಿಟಕಿಯೊಳಗೆ ಚಾಚಿದೆ. ಅವರು ಚೀಟಿ ಮಾತ್ರ ತೆಗೆದುಕೊಂಡರು.

"ಈಗ ಬರೆದು ಯಾರಿಗೆ ಹೇಳಲಿ? ಅವತ್ತು ಅವನು ಅಡುಗೆಮನೇಲಿ ತಟ್ಟೆ ಒರೆಸ್ತಾ ನಿಂತಿದ್ದ. ಒಂದೇ ತಟ್ಟೆ, ಒರೆಸಿದ್ದನ್ನೇ ಒರೆಸ್ತಿದ್ದ. 'ಎಷ್ಟು ಒರ್ಲೀನ್?' ಅಂದ. ನಾನು ಕೋಟು ಕೂಡ ಬಿಚ್ಚಿರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಆರೂವರೆ."