ನೆಟ್ಟಿನವನ ಹತ್ತಿರ ವಿಚಾರಿಸಿದರಂತೆ

ನಾನು ಸುಮ್ಮನೆ ಕೂರುವ ಜಾಯಮಾನದವಳಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಕೆಂದರೆ, ಯಾವ ಬಸ್ಸು ಮೊದಲು ಬರುತ್ತದೋ ಅದನ್ನೇ ಹತ್ತಿ, ಮಧ್ಯದಲ್ಲಿ ಇಳಿದು, ಇನ್ನೊಂದನ್ನು ಹಿಡಿಯುವವಳು. ಇದರಿಂದ ತಲುಪುವುದು ತಡವೇ ಆಗುತ್ತದೆ ಎಂದು ನಮ್ಮನೆಯವರು ಎಷ್ಟು ಸಲ ಹೇಳಿದ್ದಾರೋ. ತಡವಾದರೂ ಪರವಾಗಿಲ್ಲ, ನಿಂತಿರಲಾರೆ. ಐವತ್ತು ದಾಟಿದ ಮೇಲೆ ಈ ಚಡಪಡಿಕೆ ಕಾಲಿನಿಂದ ಎದೆಗೆ ಏರಿತು. ಒಲೆಯ ಮೇಲೆ ಹಾಲಿಟ್ಟು ಮರೆತುಬಂದವಳಂತೆ ದಿನವಿಡೀ ಎದೆ ಡವಡವ. ಚನ್ನಗಿರಿಯಿಂದ ಮಗಳು ಬರುವ ಬಸ್ಸು ಸ್ವಲ್ಪ ತಡವಾದರೂ ಅವಳಿಗೆ ಏನೋ ಆಗಿಬಿಟ್ಟಿದೆ ಅನ್ನಿಸುತ್ತಿತ್ತು. ನಿದ್ದೆಯಂತೂ ಹಾರಿಹೋಗಿತ್ತು. ಹೊನ್ನಾಳಿಯ ಡಾಕ್ಟರು ಬಿಪಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಏನೂ ಇಲ್ರೀ, ಆರಾಮಾಗಿರ್ರಿ" ಎಂದರು. ಆರಾಮಾಗಿರಲು ಬರುತ್ತಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ?

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಫೋನು ಹಿಡಿದು, ಮನೆಯ ವೈಫೈನಲ್ಲೇ ಹುಡುಕಿದೆ. ಮನಸ್ಸಿನ ಕಾಯಿಲೆಗಳ ಆಸ್ಪತ್ರೆಯೊಂದರ ಜಾಲತಾಣ ಸಿಕ್ಕಿತು. ಕನ್ನಡದಲ್ಲೇ ಇತ್ತು. ಐವತ್ತರ ಆಚೀಚಿನ ಹೆಂಗಸರಿಗೆ ನಿದ್ದೆ ಯಾಕೆ ಬರುವುದಿಲ್ಲ, ಸುಮ್ಮಸುಮ್ಮನೆ ಭಯ ಯಾಕಾಗುತ್ತದೆ ಎಂದೆಲ್ಲ ಬರೆದಿದ್ದರು. ನನ್ನನ್ನೇ ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಓದಿದಷ್ಟು ಹೊತ್ತು ಎದೆ ತಣ್ಣಗಿರುತ್ತಿತ್ತು. ಹಾಗಾಗಿ ದಿನಾ ಒಂದು ಸಲ ಅಲ್ಲಿಗೆ ಹೋಗಿ ಬರುವುದು ಅಭ್ಯಾಸವಾಯಿತು. ವಿಳಾಸದ ಪಕ್ಕ ಒಂದು ಪುಟ್ಟ ಬೀಗದ ಗುರುತು ಕಾಣುತ್ತಿತ್ತು. ಬೀಗ ಇದೆಯಲ್ಲ, ಸರಿ ಎಂದುಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅದೇ ದಿನಗಳಲ್ಲಿ ಮಗಳಿಗೆ ಜಗಳೂರಿನ ಸಂಬಂಧವೊಂದು ಬಂತು. ತಂದವಳು ಕೆರೆಬಿಳಚಿಯಲ್ಲಿರುವ ನನ್ನ ಅಕ್ಕ. ಮಗಳು ಚನ್ನಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಹುಡುಗನದು ಕುರಿಗಳಿಗೆ ಲಸಿಕೆ ಹಾಕುವ ಕೆಲಸ. ಅವನಿಗೆ ತಂದೆ ಇಲ್ಲ. ತಾಯಿ, ಮತ್ತೆ ಮನೆಯ ಹಿರಿತನ ನೋಡಿಕೊಳ್ಳುವ ಚಿಕ್ಕಪ್ಪ. ನೋಡಲು ಬಂದ ದಿನ ಹುಡುಗ ಹುಡುಗಿ ಹಿತ್ತಲಿನಲ್ಲಿ ನಿಂತು ಮಾತಾಡಿದ್ದು ಕುರಿಯ ರಕ್ತ ತೆಗೆಯುವುದು ಕಷ್ಟವೋ ಮನುಷ್ಯರದೋ ಎಂಬ ವಿಷಯ. ಒಳಗೆ ಉಪ್ಪಿಟ್ಟು ಬಡಿಸುತ್ತಿದ್ದ ನನಗೆ ಮಗಳ ನಗು ಕೇಳಿಸಿತು. ನೋಡಲು ಬಂದವರ ಜೊತೆ ಅವಳು ನಕ್ಕಿದ್ದು ಅದೇ ಮೊದಲು. ಈ ಮದುವೆ ಆಗಲಿ ಎಂದು ನನಗೆ ಆಸೆಯಾಯಿತು, ಬಹಳ ಆಸೆಯಾಯಿತು.

ಹೆಣ್ಣು ಒಪ್ಪಿಗೆಯಾದ ಮೇಲೆ ನಮ್ಮ ಕಡೆ ವಿಚಾರಿಸುವ ಶಾಸ್ತ್ರವೊಂದಿದೆ. ಯಾವ ಪುರೋಹಿತರೂ ಮಾಡಿಸದ ಶಾಸ್ತ್ರ. ಗಂಡಿನ ಕಡೆಯ ಒಬ್ಬರು ಸದ್ದಿಲ್ಲದೆ ಬಂದು ಕಿರಾಣಿ ಅಂಗಡಿ, ಹಾಲಿನ ಡೇರಿ, ಕಟಿಂಗ್ ಶಾಪು ಎಂದು ಎಲ್ಲ ಕಡೆ ಒಂದೊಂದು ಮಾತು ಕೇಳಿಕೊಂಡು ಹೋಗುತ್ತಾರೆ. ನಾವೇನು ಸಾಚಾಗಳಲ್ಲ. ನಮ್ಮನೆಯವರೂ ಜಗಳೂರಿಗೆ ಹೋಗಿ, ಹುಡುಗನ ಬೀದಿಯ ಹೋಟೆಲಿನಲ್ಲಿ ಬೇಡದ ಟೀ ಕುಡಿದು, ಒಳ್ಳೆಯ ಮಾತು ಕೇಳಿಕೊಂಡು ಬಂದಿದ್ದರು.

ವಾರ ಕಳೆದ ಮೇಲೆ ಅಕ್ಕನ ಫೋನು ಬಂತು.

"ಜಗಳೂರಿನೋರು ಬ್ಯಾಡ ಅಂದ್ರು ಕಣೇ."

"ಯಾಕಂತೆ?"

"ಹುಡುಗಿಗೆ ತಲೆ ಸರಿ ಇಲ್ಲಂತೆ. ಚಿಕ್ಕಪ್ಪ ನಿಮ್ಮ ನೆಟ್ಟಿನವನ ಹತ್ರ ವಿಚಾರಿಸಿದನಂತೆ. ಆ ಮನೆಯಾಗೆ ದಿನಾ ಹುಚ್ಚಾಸ್ಪತ್ರೆದು ನೋಡ್ತಾರೆ ಅಂತ ಗೊತ್ತಾತಂತೆ."

ಮೈಯೆಲ್ಲ ಉರಿಯಿತು. ಅಂಗಡಿ, ಡೇರಿ ಎಲ್ಲ ಆಗಿ ಈಗ ಇಂಟರ್ನೆಟ್ಟಿನ ವೈರು ಎಳೆದವನ ಹತ್ತಿರವೂ ವಿಚಾರಿಸುತ್ತಾರೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಅವನ ಆಫೀಸು ನ್ಯಾಮತಿಯಲ್ಲಿ. ಸವಳಂಗದ ಕಡೆ ಹೋಗುವ ಬಸ್ಸು ಸಿಕ್ಕಿತು, ಹತ್ತಿದೆ. ದಾರಿಯುದ್ದಕ್ಕೂ ಅವನನ್ನು ಬೈಯಲು ಮಾತು ಜೋಡಿಸಿಕೊಂಡೆ. ಹೋದರೆ ಅವನು ಎದ್ದು ನಿಂತು ಕುರ್ಚಿ ಕೊಟ್ಟ.

"ಏನು ಹೇಳಿದೆಯಪ್ಪ ಅವರಿಗೆ?" ಎಂದೆ.

"ಅಕ್ಕ, ನಾನು ಒಳ್ಳೇದೇ ಹೇಳೀನಿ. ಬ್ಯಾರೆ ಮನೆಗಳ್ದು ಹೇಳಾಕೆ ನಾಚಿಕೆ ಆಗ್ತದೆ. ನಿಮ್ಮನೆದು ಅಡಿಕೆ ಧಾರಣೆ, ಅಡಿಗೆ, ಆಸ್ಪತ್ರೆ, ಅಷ್ಟೇ ಅಂದೆ. ಯಾವ ಆಸ್ಪತ್ರೆ ಅಂದ್ರು. ಹೆಸರು ಹೇಳಿದೆ."

"ಅದಕ್ಕೆ ಬೀಗ ಇತ್ತಲ್ಲಪ್ಪ."

"ಆ ಬೀಗ ಒಳಗಿನದಕ್ಕೆ ಅಕ್ಕ. ನೀವು ಏನು ಓದಿದ್ರಿ ಅಂತ ನನಗೆ ಕಾಣಲ್ಲ. ಯಾವ ಸೈಟಿಗೆ ಹೋದ್ರಿ ಅಂತ ಕಾಣ್ತದೆ."

"ಹೋದೋರು ಯಾರು ಅಂತ?"

"ಮನೆ ಗೊತ್ತಾಗ್ತದೆ. ಮನೆಯಾಗೆ ಯಾರು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಜೋಡಿಸಿಕೊಂಡಿದ್ದ ಬೈಗುಳಗಳನ್ನು ಹಾಗೇ ಹೊತ್ತು ವಾಪಸ್ ಬಸ್ಸು ಹತ್ತಿದೆ. ಅವನು ನಮ್ಮನ್ನು ಹೊಗಳಿದ್ದ, ಅದೇ ದೊಡ್ಡ ಕಷ್ಟ. ಎಲ್ಲವೂ ಕಂಡಿದ್ದರೆ ಅದು ವಯಸ್ಸಾದ ಹೆಂಗಸೊಬ್ಬಳ ನಿದ್ದೆಯ ಮಾತು ಎಂದು ಗೊತ್ತಾಗುತ್ತಿತ್ತು. ಏನೂ ಕಾಣದಿದ್ದರೆ ಮಾತೇ ಹುಟ್ಟುತ್ತಿರಲಿಲ್ಲ. ಅರ್ಧ ಕಂಡಿತು, ಉಳಿದ ಅರ್ಧವನ್ನು ಅವರೇ ತುಂಬಿಕೊಂಡು, ಅದರಲ್ಲಿ ನನ್ನ ಮಗಳನ್ನು ಕೂರಿಸಿದ್ದರು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಮಗಳು ಸಂಬಂಧದ ಮಾತೇ ಎತ್ತಲಿಲ್ಲ. "ಇಷ್ಟು ದಿನ ನಿದ್ದೆ ಇಲ್ದೆ ಇದ್ದೀಯ, ನನಗೆ ಯಾಕೆ ಹೇಳಲಿಲ್ಲ?" ಎಂದು ಸಿಡುಕಿದಳು. ಆಮೇಲೆ ನನ್ನ ಫೋನು ಕಿತ್ತುಕೊಂಡು ಏನೋ ಒಂದು ಆ್ಯಪ್ ಹಾಕಿದಳು. ಅದನ್ನು ಒತ್ತಿದರೆ ಮೇಲೆ ಒಂದು ಕೀಲಿಕೈಯ ಗುರುತು ಬರುತ್ತದೆ. ಆಗ ನಾವು ಎಲ್ಲಿಗೆ ಹೋದೆವು ಎಂಬುದೂ ವೈರಿನವನಿಗೆ ಕಾಣುವುದಿಲ್ಲವಂತೆ.

"ಹಂಗಾದ್ರೆ ಈ ಆ್ಯಪಿನೋರಿಗೆ ಕಾಣಲ್ವಾ?"

"ಕಾಣಬೌದು. ಯಾರನ್ನಾದ್ರೂ ನಂಬಲೇಬೇಕಲ್ಲಮ್ಮ. ಇವರ ಹತ್ರ ಜಗಳೂರಿನೋರು ಬಂದು ವಿಚಾರಿಸಲ್ಲ, ಅಷ್ಟೇ."

ತನ್ನ ಫೋನಿಗೂ ಹಾಕಿಕೊಂಡು ಅಪ್ಪನ ಫೋನಿಗೆ ಕೈ ಚಾಚಿದಳು. ಅವರು ಕೊಡಲಿಲ್ಲ. "ನಾವೇನು ಕಳ್ಳ ಮಾಲು ಇಟ್ಟೀವಾ? ಧಾರಣೆ ನೋಡಾಕೆ ಯಾಕೆ ಗುಟ್ಟು? ಮುಚ್ಚಿಕೊಂಡಷ್ಟೂ ಏನೋ ಐತೆ ಅಂತ ಜನಕ್ಕೆ ಅನುಮಾನ."

ಅವರ ಮಾತು ಸುಳ್ಳಲ್ಲ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಮುಂಬಾಗಿಲು ಹಾಕಿದರೆ, ಯಾಕ್ರೀ ಹುಷಾರಿಲ್ವಾ ಎಂದು ಕೇಳಿಕೊಂಡು ಬರುತ್ತಾರೆ. ನಾನೂ ಹಾಗೇ ಕೇಳಿಕೊಂಡು ಹೋಗಿದ್ದೇನೆ. ಆದರೆ ಆಗ ನನಗೆ ಮೆಡಿಕಲ್ ಅಂಗಡಿಯ ಪೊಟ್ಟಣ ನೆನಪಾಯಿತು. ಹೆಣ್ಣುಮಕ್ಕಳು ಪ್ಯಾಡು ಕೇಳಿದರೆ ಅಂಗಡಿಯವರು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಬೇರೆ ಏನನ್ನೂ ಹಾಗೆ ಸುತ್ತುವುದಿಲ್ಲ. ಹಾಗಾಗಿ ಆ ಪೊಟ್ಟಣ ಹಿಡಿದು ಬೀದಿಯಲ್ಲಿ ನಡೆದರೆ ಒಳಗೆ ಏನಿದೆ ಎಂದು ಕಂಡವರಿಗೆಲ್ಲ ಗೊತ್ತು. ಸೋಪು, ಬ್ರಶ್ಶು, ಕೆಮ್ಮಿನ ಔಷಧಿಯನ್ನೂ ಅದೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

"ನಿಮ್ಮ ಧಾರಣೆ ಮುಚ್ಚಾಕಲ್ಲ ರೀ," ಎಂದೆ. "ಮೆಡಿಕಲ್ ಅಂಗಡಿ ಪೇಪರಿನಾಗೆ ನೀವು ಸೋಪನ್ನೂ ಸುತ್ತಿಸಿಕೊಂಡ್ರೆ, ನಾನು ನನ್ನ ಪೊಟ್ಟಣ ಹಿಡ್ಕಂಡು ಮರ್ಯಾದೆಯಿಂದ ಬೀದಿಯಾಗೆ ನಡೀಬೌದು."

ಪೊಟ್ಟಣದ ವಿಷಯ ಗಂಡಸರ ಹತ್ತಿರ ಆಡುವ ಮಾತಲ್ಲ. ಅವರು ತಲೆ ತಗ್ಗಿಸಿ ಫೋನು ಕೊಟ್ಟರು. ಈಗ ಅಡಿಕೆ ಧಾರಣೆಯ ಮೇಲೂ ಕೀಲಿಕೈ ಕೂತಿದೆ.

ಆದರೆ ಮಗಳ ಮೇಲೆ ಬಂದ ಮಾತು? ಅದು ಯಾವ ಆ್ಯಪಿಗೂ ಹೋಗುವಂಥದಲ್ಲ. ನಾನೇ ಹೋಗಿ ಹೇಳುತ್ತೇನೆ ಎಂದಾಗ ಮಗಳು, "ನಿನ್ನ ಸಂಕಟ ಅವರ ಅಂಗಳದಾಗೆ ಹರವಿ ನನ್ನ ಮದುವೆ ಮಾಡೋದು ಬ್ಯಾಡ" ಎಂದಳು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನಲ್ಲಿ ಇಳಿದೆ.

ಹುಡುಗನ ತಾಯಿ ಒಬ್ಬರೇ ಕೂತು ಶೇಂಗಾ ಸುಲಿಯುತ್ತಿದ್ದರು. ನೀರು ಕೊಟ್ಟರು. ಕುಡಿಯುವ ಮೊದಲೇ ಹೇಳಿಬಿಟ್ಟೆ. "ಅದನ್ನ ನೋಡ್ತಿದ್ದೋಳು ನಾನು ರೀ, ಮಗಳಲ್ಲ. ನನಗೆ ನಿದ್ದೆ ಬರಲ್ಲ, ಎದೆ ಹೊಡ್ಕಂತದೆ, ಸುಮ್ನೆ ಹೆದರಿಕೆ ಆಗ್ತದೆ. ಇರೋದು ಇಷ್ಟೇ."

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ತಾಯಿಗಿದ್ರೆ ಮಗಳಿಗೂ ಬರ್ತದೆ ಅಂತಾರೆ ರೀ ನಮ್ಮ ಮೈದುನ. ನನ್ನ ಕೈಯಾಗೆ ಏನೂ ಇಲ್ಲ" ಎಂದರು. ಸಂಬಂಧ ಅಲ್ಲಿಗೆ ಮುಗಿಯಿತು. ಆಮೇಲೂ ಮತ್ತೆ ಕೂಡಿಬರಲಿಲ್ಲ. ಹಿತ್ತಲಿನ ಆ ನಗು ನೆನಪಾಯಿತು. ಎದ್ದೆ.

ಅವರು ಸೆರಗು ಹೊದ್ದು ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಕೂತು, ಆಚೀಚೆ ನೋಡಿ, ಮೆಲ್ಲಗೆ ಕೇಳಿದರು.

"ಅಕ್ಕ, ಅದರಾಗೆ ಏನು ಬರೆದಾರೆ? ನಿಮ್ಮ ಫೋನಿನಾಗೆ ಒಂದು ಸಲ ತೋರಿಸ್ತೀರಾ? ನಮ್ಮನೆ ನೆಟ್ಟು ಮೈದುನನ ಹೆಸರಾಗೆ ಐತೆ. ಅಲ್ಲಿ ನೋಡಾಕೆ ಆಗಲ್ಲ."

ನನಗೆ ರೇಗಿತು. ಯಾವುದನ್ನು ಓದಿದಳೆಂದು ನನ್ನ ಮಗಳನ್ನು ಬೇಡವೆಂದರೋ, ಅದನ್ನೇ ಈಗ ನನ್ನ ಹತ್ತಿರ ಬೇಡುತ್ತಿದ್ದಾರೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರ ಕೈ ಕಣ್ಣಿಗೆ ಬಿತ್ತು. ಶೇಂಗಾ ಸಿಪ್ಪೆಯ ಕೆಂಪು ಇನ್ನೂ ಅಂಟಿದ್ದ ಬೆರಳುಗಳು ಸೆರಗಿನ ತುದಿಯನ್ನು ಹೊಸೆಯುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ಹೊಸೆಯುತ್ತಿದ್ದವು. ನಾನು ಮನೆಯಲ್ಲಿ ದಿನವಿಡೀ ಮಾಡುವುದೂ ಅದನ್ನೇ.

"ಎಷ್ಟು ದಿನದಿಂದ?" ಎಂದೆ.

"ಮಗನ ಅಪ್ಪ ಹೋದಾಗಿಂದ. ಯಾರಿಗೂ ಗೊತ್ತಾಗಲ್ಲ ತಾನೇ?"

"ನಿಮ್ಮೂರಿನೋರಿಗೂ ಇಲ್ಲ, ನಮ್ಮೂರಿನೋರಿಗೂ ಇಲ್ಲ."

ಫೋನು ತೆಗೆದು ಮೊದಲು ಆ ಆ್ಯಪ್ ಒತ್ತಿದೆ. ಕೀಲಿಕೈ ಬರುವವರೆಗೂ ಇಬ್ಬರೂ ನೋಡುತ್ತಿದ್ದೆವು. ಪುಟ ತೆರೆದು ಅವರ ಕೈಗೆ ಕೊಟ್ಟೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತಾ ಓದತೊಡಗಿದರು.

ದಾವಣಗೆರೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, "ಬರ್ತೀರೇನ್ರಿ?" ಎಂದ. ಅವರು ಇನ್ನೂ ಎರಡನೆಯ ಪ್ಯಾರಾದಲ್ಲಿದ್ದರು.

"ಇಲ್ಲಪ್ಪ, ನೀವು ಹೋಗ್ರಿ," ಎಂದೆ. ಬಸ್ಸು ಹೊರಟುಹೋಯಿತು. ನಾನು ಕೂತೇ ಇದ್ದೆ.