ಶಾಂತವ್ವನ ಗುಳಿಗೆ

ರೊಟ್ಟಿ ಬಡಿಯುತ್ತಿದ್ದೆ. ಗೋಕಾಕದ ಲ್ಯಾಬಿನಿಂದ ಫೋನ್ ಬಂತು. ನನ್ನದು ಹಿಟ್ಟಿನ ಕೈ, ಮೈದುನನ ಹೆಂಡತಿ ಶಾಂತವ್ವನೇ ಕಿವಿಗೆ ಹಿಡಿದಳು. ಹಿಂದಿನ ದಿನ ಕೊಟ್ಟ ರಕ್ತದಲ್ಲಿ ಐಎನ್‌ಆರ್ ಬಹಳ ಏರಿದೆ, ರಕ್ತ ತೆಳುವಾಗಿಸುವ ಗುಳಿಗೆ ಇವತ್ತು ನುಂಗಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ ಎಂದರು.

ಬಲ ಅಂಗೈ ತಿರುಗಿಸಿ ನೋಡಿದೆ. ನೀಲಿಗಟ್ಟಿತ್ತು.

ಎರಡು ದಿನದಿಂದ ಹಾಗೇ ಇತ್ತು. ರೊಟ್ಟಿ ಹೆಚ್ಚು ಬಡಿದದ್ದಕ್ಕೆ ಎಂದುಕೊಂಡಿದ್ದೆ.

ನನ್ನ ಹೃದಯದ ವಾಲ್ವ್ ಬದಲಿಸಿ ಆರು ವರ್ಷ. ಅಂದಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಗುಳಿಗೆ, ತಿಂಗಳಿಗೊಮ್ಮೆ ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್, ಹೆಚ್ಚುಕಡಿಮೆಯಾದರೆ ಗುಳಿಗೆಯ ಲೆಕ್ಕ ತಪ್ಪುತ್ತದೆಂದು ಸೊಪ್ಪು ಕೂಡ ದಿನವೂ ಒಂದೇ ಹಿಡಿ. ಈ ವರ್ಷ ನನಗೂ ಶಾಂತವ್ವನಿಗೂ ಒಟ್ಟಿಗೇ ಕೊಲೆಸ್ಟ್ರಾಲ್ ಹೆಚ್ಚಿತು. ಡಾಕ್ಟರು ಅವಳಿಗೆ ಜೋರಿನ ಗುಳಿಗೆ ಬರೆದರು. ನನಗೆ ಬೇರೆಯದು, ಸಣ್ಣ ಡೋಸು. ಕೊಲೆಸ್ಟ್ರಾಲಿನ ಕೆಲವು ಗುಳಿಗೆಗಳು ರಕ್ತ ತೆಳುವಾಗಿಸುವ ಗುಳಿಗೆಯ ಜೋರು ಹೆಚ್ಚಿಸುತ್ತವೆ, ನಿಧಾನವಾಗಿ ನೋಡೋಣ ಎಂದು ತಿಳಿಸಿಯೇ ಹೇಳಿದ್ದರು. ಎರಡು ತಿಂಗಳಿಗೆ ಅವಳದು ಪೂರ್ತಿ ಇಳಿಯಿತು. ನನ್ನದು ತುಸು. ಎಣ್ಣೆ ಬಿಟ್ಟವಳು ನಾನು, ಕರದಂಟು ಬಿಟ್ಟವಳು ನಾನು. ಅವಳು ಸಂಜೆಗೆ ಮಿರ್ಚಿ ಭಜಿ ತಿನ್ನುತ್ತಲೇ ಇದ್ದಳು. "ಶಾಂತವ್ವನ ಮೈ ಮಾತು ಕೇಳತೈತಿ ನೋಡು" ಎಂದು ಮಾವನವರು ಅಂದದ್ದು ನನ್ನೊಳಗೆ ಮುಳ್ಳಾಗಿ ಮುರಿಯಿತು.

ಅವಳ ಡಬ್ಬಿಯಿಂದ ಗುಳಿಗೆ ಕದ್ದೆ.

ಹನ್ನೆರಡು ದಿನ, ನನ್ನದರ ಜೊತೆಗೇ ನುಂಗಿದೆ. ಅದೂ ಲಿಂಗಪೂಜೆ ಮುಗಿಸಿದ ಕೈಯಿಂದ. ಗುಳಿಗೆ ಬೇಗ ತೀರಿದಾಗ ಅವಳು ತನ್ನ ಮರೆವನ್ನೇ ಬೈದುಕೊಂಡಳು. ನಾನು ಹಿಟ್ಟು ನಾದುತ್ತಲೇ ಇದ್ದೆ.

ನಮ್ಮೂರು ಕಲ್ಲೋಳಿಯಿಂದ ಗೋಕಾಕ ಮುಟ್ಟುವವರೆಗೂ ಒಸಡಿನಲ್ಲಿ ರಕ್ತದ ರುಚಿ.

"ಬ್ಯಾರೆ ಗುಳಿಗಿ ಏನಾರ ತಗೊಂಡೀರೇನ್ರಿ?" ಡಾಕ್ಟರು ಕೇಳಿದರು.

ಮನೆಯವರು ಬಾಗಿಲಲ್ಲಿ, ಶಾಂತವ್ವ ಪಕ್ಕದಲ್ಲಿ. ಮುಚ್ಚಿಟ್ಟರೆ ಮಾನ ಉಳಿಯುತ್ತಿತ್ತು, ಜೀವ ಉಳಿಯುತ್ತಿತ್ತೋ ಇಲ್ಲವೋ.

"ಈಕೀ ಗುಳಿಗಿ ತಗೊಂಡೀನ್ರಿ" ಎಂದೆ.

ಶಾಂತವ್ವ ನನ್ನನ್ನೇ ನೋಡಿದಳು. "ಸೀರಿ ಕೇಳಿದ್ರ ಕೊಡ್ತಿದ್ನೆಲ್ಲ ಯಕ್ಕಾ. ಗುಳಿಗಿ ಯಾಕ ಕದ್ದಿ?"

ನೀಲಿಗಟ್ಟಿದ ಅಂಗೈಯನ್ನು ಡಾಕ್ಟರ ಮುಂದೆ ಚಾಚಿದೆ.

ಎರಡು ದಿನ ಇಟ್ಟುಕೊಂಡರು. ತಲೆಯೊಳಗೆ ರಕ್ತ ಸೋರಿರಲಿಲ್ಲ. ಇಷ್ಟಲಿಂಗ ಕೂರುವ ಎಡ ಅಂಗೈಗೆ ಒಂದು ಕಲೆಯೂ ಆಗಿರಲಿಲ್ಲ. ಎರಡೂ ಬಸವಣ್ಣನ ಕೃಪೆ. ಬಿಡುವಾಗ ಡಾಕ್ಟರು ನನ್ನ ಹಳೆಯ ಗುಳಿಗೆಯನ್ನೇ ಸ್ವಲ್ಪ ಸ್ವಲ್ಪ ಹೆಚ್ಚಿಸೋಣ, ಹೆಚ್ಚಿಸಿದಾಗಲೆಲ್ಲ ಐಎನ್‌ಆರ್ ನೋಡೋಣ ಎಂದರು. ಒಪ್ಪಿ ಬಂದೆ.

ನನ್ನ ಕೈ ಮಾಯುವ ತನಕ ಶಾಂತವ್ವನೇ ರೊಟ್ಟಿ ಬಡಿಯುತ್ತಿದ್ದಾಳೆ. ಅವು ನನ್ನವಕ್ಕಿಂತ ಚೆನ್ನಾಗಿ ಉಬ್ಬುತ್ತವೆ. ಇವತ್ತು ಮಾವನವರು ಇನ್ನೊಂದು ಹಾಕಿಸಿಕೊಂಡರು. ಹೊಟ್ಟೆಕಿಚ್ಚು ಹೋಯಿತೆಂದರೆ ಶಿವ ಮೆಚ್ಚಲಾರ. ಆದರೆ ಅವಳು ತನ್ನ ಡಬ್ಬಿಯನ್ನು ಈಗಲೂ ಅದೇ ಗೂಡಿನಲ್ಲಿ, ನನ್ನ ಡಬ್ಬಿಯ ಪಕ್ಕದಲ್ಲೇ ಇಡುತ್ತಾಳೆ.

ಅದನ್ನು ನೋಡಿ, ನನ್ನದೊಂದನ್ನು ನುಂಗಿ, ಮೆಂತ್ಯ ಸೊಪ್ಪು ಬಿಡಿಸಲು ಕುಳಿತೆ. ನನ್ನ ಪಾಲಿಗೆ ನಿನ್ನೆಯ ಹಾಗೇ, ಒಂದು ಹಿಡಿ.